ಆರನೆಯ ಬಂದೂಕು

ದಳದ ನಾಯಕ ಆರು ಗಿಡ್ಡ ಬಂದೂಕುಗಳನ್ನೂ ಬಿಚ್ಚಿಸಿ, ಬಿಡಿಭಾಗಗಳನ್ನೆಲ್ಲ ಒಂದೇ ಟಾರ್ಪಾಲಿನ ಮೇಲೆ ಸುರಿಸಿ, ಎರಡೂ ಕೈಯಿಂದ ಕಲಸಿಬಿಟ್ಟ.

"ಈಗ ಜೋಡಿಸಿ."

ಅವನ ಕಮಾಂಡೋಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಕತ್ತಲಲ್ಲಿ, ಕೆಸರಲ್ಲಿ, ಯಾರ ಬಂದೂಕಿನ ಭಾಗ ಯಾರ ಕೈಗೆ ಸಿಕ್ಕರೂ ಕೂಡಬೇಕು, ಅದೇ ಪರೀಕ್ಷೆ. ಬಂದೂಕು ಕಾರ್ಖಾನೆಯ ಸ್ವಂತ ನಕ್ಷೆ, ಸ್ವಂತ ಉಕ್ಕು, ಏಳು ವರ್ಷದ ದುಡಿಮೆ. ಆಗಲೇ ಎರಡು ಸಲ ಫೇಲಾಗಿತ್ತು. ಮೂರನೆಯ ಸಲವೂ ಆದರೆ ಹೊರದೇಶದ್ದನ್ನೇ ತರಿಸಿಕೊಳ್ಳುತ್ತೇವೆ ಎಂದು ದಳದವರು ಕಡ್ಡಿ ಮುರಿದಂತೆ ಹೇಳಿದ್ದರು.

ಕಾರ್ಖಾನೆಯ ತಪಾಸಣೆಯವಳು ಅಳತೆಯ ಗೇಜು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಸೋದರಮಾವ, ಹಿರಿಯ ಫಿಟ್ಟರ್. ಅರ ಹಿಡಿದರೆ ಉಕ್ಕನ್ನೂ ಬೆಣ್ಣೆ ಮಾಡುತ್ತಾನೆಂದು ಇಡೀ ಕಾರ್ಖಾನೆ ಅವನನ್ನು 'ಬೆಣ್ಣೆ ಮಾವ' ಎಂದೇ ಕರೆಯುತ್ತಿತ್ತು.

ಟಕ್, ಟಕ್ ಎಂದು ಐದು ಕೂಡಿದವು. ಆರನೆಯದರ ಒಡಲೊಳಗೆ ಜಾರಬೇಕಾದ ಬೋಲ್ಟ್ ಮಾತ್ರ ಅರ್ಧಕ್ಕೇ ಹೋಗಿ ಕಚ್ಚಿಕೊಂಡಿತು. ಸೈನಿಕ ಒತ್ತಿದ, ಎಳೆದ. ಊಹೂಂ.

"ಧೂಳು ಕೂತಿರ್ಬೇಕು ಸಾರ್," ಮ್ಯಾನೇಜರ್ ಹಲ್ಲು ಕಿರಿದ. "ನೋಡಮ್ಮಾ, ಸ್ವಲ್ಪ ನೋಡು."

ಅವಳು ಮಂಡಿಯೂರಿ ಬಂದೂಕಿನ ಒಡಲಿಗೆ ಗೇಜು ಹಾಕಿದಳು. ಇಳಿಯಲಿಲ್ಲ. ಒಡಲೇ ಒಂದು ಕೂದಲೆಳೆ ಬಿಗಿ. ಉಳಿದ ಬೋಲ್ಟುಗಳನ್ನು ಒಂದೊಂದಾಗಿ ತೆಗೆಸಿ ಹೆಬ್ಬೆರಳು ಆಡಿಸಿದಳು. ಮೂರನೆಯದರ ಮೇಲೆ ಬೆರಳು ಜಾರಿತು. ಯಂತ್ರದ ನುಣುಪಲ್ಲ ಅದು, ಮಾವನ ಕೈ. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತಿತ್ತು. ಈ ಬಂದೂಕಿನ ಪ್ರಾಣ ಪಕ್ಕದ ಬಂದೂಕಿನೊಳಗಿತ್ತು.

ಮಾವ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಇಷ್ಟಕ್ಕೆಲ್ಲ ಗುಜರಿಗೆ ಹಾಕೋದಾ ಅನ್ನಿಸ್ತು ಕಣೇ," ಎಂದ ಮೆಲ್ಲಗೆ. "ಅದರ ಬೋಲ್ಟನ್ನೇ ಚೂರು ಉಜ್ಜಿ ಕೂರಿಸ್ದೆ. ನೀರು ಹರಿದಂಗೆ ಓಡ್ತಿತ್ತು."

"ಮುದ್ರೆ ಒತ್ತಿದೋಳು ನಾನಲ್ವಾ ಮಾವ. ನೀನು ಮುಟ್ಟಿದ್ದಕ್ಕೆ ಗೇಜು ಯಾಕೆ ಅಂತ ಅಳೀದೇ ಬಿಟ್ಟೆ."

ಎರಡು ಬೋಲ್ಟು ಅದಲುಬದಲು ಮಾಡಿದರೆ ಸಾಕಿತ್ತು. ಧೂಳು ಅಂದರೆ ಯಾರೂ ಕೆದಕುವವರಿರಲಿಲ್ಲ. ಮ್ಯಾನೇಜರ್ ಕಣ್ಣಲ್ಲೇ ಗೋಗರೆಯುತ್ತಿದ್ದ. ಆದರೆ ಬಟ್ಟೆ ಕಟ್ಟಿಕೊಂಡಿದ್ದ ಆ ಸೈನಿಕ ಇನ್ನೂ ಕೈ ಚಾಚಿಕೊಂಡೇ ಕೂತಿದ್ದ, ಯಾರಾದರೂ ಸರಿಯಾದದ್ದನ್ನು ಕೊಡುತ್ತಾರೆಂದು.

"ಧೂಳಲ್ಲ ಸಾರ್," ಎಂದಳು ಎದ್ದು ನಿಂತು. "ಈ ಒಡಲೇ ಅಳತೆಗಿಲ್ಲ. ಪಾಸ್ ಮಾಡಿದ್ದು ನನ್ನ ತಪ್ಪು."

ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತ.

"ಹಾಗಾದ್ರೆ ಉಳಿದವನ್ನ ಹೇಗಮ್ಮ ನಂಬೋದು?" ನಾಯಕ ಕೇಳಿದ.

"ನಂಬಲೇಬೇಡಿ ಸಾಹೇಬ್ರೇ," ಮಾವ ಮುಂದೆ ಬಂದ. "ನಾನು ಉಜ್ಜಿದ್ದು ಇದೊಂದೇ. ಗೋದಾಮಲ್ಲಿ ಇನ್ನೂ ಐವತ್ತಿವೆ, ನೀವೇ ಆರಿಸ್ಕೊಂಡು ಬನ್ನಿ. ನಾನಂತೂ ಹತ್ರಾನೂ ಬರಲ್ಲ. ಈ ಕೈ ಸುಮ್ನಿರೋ ಜಾತೀದಲ್ಲ."

ನಾಯಕನ ಮೀಸೆಯಂಚು ಅಲುಗಿತು. "ಹತ್ತು ತರ್ತೀನಿ. ಹತ್ತೂ ಕೂಡ್ಬೇಕು."

ತಂದ. ಕಲಸಿದ. ಈ ಸಲ ಬೊಗಸೆ ಮರಳನ್ನೂ ಎರಚಿದ. ಕಾಣದ ಬೆರಳುಗಳು ತಡಕಿದವು, ಹುಡುಕಿದವು, ಕೂಡಿಸಿದವು. ಅವಳು ಕಣ್ಣು ಮುಚ್ಚಿ ಎಣಿಸಿದಳು. ಎಂಟು. ಒಂಬತ್ತು. ಬಹಳ ಹೊತ್ತಿನ ಮೇಲೆ, ಹತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೈನಿಕರು ಕಣ್ಣಿನ ಬಟ್ಟೆ ಬಿಚ್ಚಿ, ಬಂದೂಕುಗಳನ್ನು ರಾಡಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಎತ್ತಿದರು. ನಳಿಗೆಗಳಿಂದ ಕಂದು ನೀರು ಸುರಿಯಿತು. ಆಮೇಲೆ ಹತ್ತೂ ಒಟ್ಟಿಗೆ ಗುಡುಗಿದವು, ಎಲ್ಲೂ ಮುಗ್ಗರಿಸದೆ, ಉಸಿರು ಕಟ್ಟದೆ.

ಅವಳು ಕಿವಿ ಮುಚ್ಚಿಕೊಂಡು ತಿರುಗಿ ನೋಡಿದಳು. ಮಾವ ತನ್ನ ಕಿವಿಯ ಹತ್ತಿಯನ್ನು ತೆಗೆದು, ಆ ಸದ್ದಿಗೆ ತಲೆಯನ್ನು ಚೂರು ವಾಲಿಸಿ ಕೇಳುತ್ತ ನಿಂತಿದ್ದ.