ಕರ್ನಲ್ ಸಾಹೇಬನ ಹಿತ್ತಾಳೆ ಫಲಕ

ಕೆನಡಾದ ಮಿಸಿಸಾಗದ ಟ್ರೋಫಿ ಅಂಗಡಿಯಲ್ಲಿ ಹಿತ್ತಾಳೆಗೆ ಅಕ್ಷರ ಕೊರೆಯುವ ಸೀನಪ್ಪ ಆರ್ಡರ್ ಚೀಟಿಯಲ್ಲಿದ್ದ ಹೆಸರು ನೋಡಿ ಹಲ್ಲು ಕಡಿದ. ವಿಟ್‌ಕೂಂಬ್! ತಾತ ದೊಡ್ಡಯ್ಯ ಸಾಯುವ ತನಕ ಶಪಿಸಿದ ಹೆಸರು.

ದೊಡ್ಡಯ್ಯ ಬೆಂಗಳೂರು ಸ್ಯಾಪರ್ಸ್ ಪಡೆಯ ಹವಾಲ್ದಾರ, ಸೇತುವೆ ಕಟ್ಟುವವನು. ೧೯೩೬ರಲ್ಲಿ ವಾಯವ್ಯ ಗಡಿಯಲ್ಲಿ ಹಗ್ಗದ ಸೇತುವೆ ಹರಿದು ಇಬ್ಬರು ಸಿಪಾಯಿಗಳು ಹೊಳೆಪಾಲಾದರು. ಹಗ್ಗ ಬಿಗಿದವನದೇ ತಪ್ಪೆಂದು ಕ್ಯಾಪ್ಟನ್ ವಿಟ್‌ಕೂಂಬ್ ವರದಿ ಬರೆದ. ದೊಡ್ಡಯ್ಯನ ತೋಳಿನ ಪಟ್ಟಿ ಕಿತ್ತು ಮನೆಗೆ ಅಟ್ಟಿದರು. ಊರಲ್ಲಿ ಬಾವಿಹಗ್ಗ ಹೊಸೆಯಲೂ ಅವನನ್ನು ಯಾರೂ ಕರೆಯಲಿಲ್ಲ. ಯುದ್ಧವಿಲ್ಲದ ಕಾಲದಲ್ಲಿ ಬಡ್ತಿ ಕಾಣದೆ ಹದಿಮೂರು ವರ್ಷ ಕ್ಯಾಪ್ಟನ್ನಾಗಿಯೇ ಕೊಳೆತಿದ್ದ ಸಾಹೇಬ ಮಾತ್ರ ಮರುವರ್ಷವೇ ಮೇಜರ್ ಆದ, ಆಮೇಲೆ ಕರ್ನಲ್.

ಈಗ ಸಾಹೇಬನ ಮೊಮ್ಮಗ ಡಗ್ಲಸ್‌ಗೆ ಕ್ಲೈನ್‌ಬರ್ಗಿನ ಮನೆಯಲ್ಲಿ ಅಜ್ಜನ ಸೇವಾ ಫಲಕ ಬೇಕಂತೆ. "ಡೇಟ್ಸೆಲ್ಲ ಇದರಲ್ಲಿವೆ. ಆ ಕೈಬರಹ ನನಗೆ ಓದೋಕಾಗಲ್ಲ," ಎಂದು ಹಳೇ ಡೈರಿ ಬಿಟ್ಟುಹೋಗಿದ್ದ.

ಸೀನಪ್ಪ ಓದಿದ. "ಹಗ್ಗ ಸವೆದಿದೆ ಎಂದು ದೊಡ್ಡಯ್ಯ ಎರಡು ಸಲ ಎಚ್ಚರಿಸಿದ. ದಾಟಿ ಎಂದವನು ನಾನು. ತಪ್ಪನ್ನು ಅವನ ಮೇಲೆ ಹಾಕಿದೆ."

"ತೊಂಬತ್ತು ವರ್ಷದ ಹಳೇ ಕಥೆ, ಬಿಡ್ರೀ," ಎಂದಳು ಹೆಂಡತಿ ಶೈಲಜಾ. "ಅದನ್ನ ಫಲಕಕ್ಕೆ ಹಾಕಿ, ಓನರ್‌ಗೆ ಕಂಪ್ಲೇಂಟ್ ಹೋದ್ರೆ ನಿಮ್ ಜಾಬ್ ಹೋಗತ್ತೆ ಅಷ್ಟೆ."

"ಹೋಗ್ಲಿ ಬಿಡೆ. ನಮ್ ತಾತಂದು ಹೋಗ್ಲಿಲ್ವಾ?"

ಮಾದರಿ ಹಾಳೆಗೆ ಗಿರಾಕಿ ಸಹಿ ಹಾಕದೆ ಕೊರೆಯುವಂತಿಲ್ಲ, ಸಹಿ ಬಿದ್ದ ಮೇಲೆ ತಿದ್ದುವಂತಿಲ್ಲ. ಅಂಗಡಿಯ ನಿಯಮ ಅದು. ಸೀನಪ್ಪ ೧೯೩೬ರ ಎದುರು ಡೈರಿಯ ಮಾತನ್ನೇ ಇಟ್ಟ, ಉಳಿದ ಸಾಲುಗಳಷ್ಟೇ ದಪ್ಪಕ್ಕೆ.

"ಪೂರ್ತಿ ಓದಿ, ಸರ್."

"ನೀನು ಓದಿದ್ದೀಯಲ್ಲ, ಸಾಕು." ಡಗ್ಲಸ್ ಫೋನಿನಲ್ಲಿ ವೈನ್ ಆರ್ಡರ್ ಮಾಡುತ್ತಲೇ ಸಹಿ ಗೀಚಿದ.

ಭಾನುವಾರ ಮಧ್ಯಾಹ್ನ ಸೀನಪ್ಪನೇ ಹೋಗಿ ಫಲಕವನ್ನು ಗೋಡೆಗೆ ಬಿಗಿದು, ಬಟ್ಟೆ ಮುಚ್ಚಿ, ಬಾಗಿಲ ಬಳಿ ನಿಂತ. ನಲವತ್ತು ಜನ ನೆಂಟರು. ಡಗ್ಲಸ್ ಬಟ್ಟೆ ಎಳೆದು ಗತ್ತಿನಿಂದ ಓದತೊಡಗಿದ. ೧೯೧೭, ಲೆಫ್ಟಿನೆಂಟ್. ೧೯೨೩, ಕ್ಯಾಪ್ಟನ್. ೧೯೩೬ಕ್ಕೆ ಬಂದವನೇ ಬಾಯಿ ಮುಚ್ಚಿದ.

"ಇದೇನಿದು?"

"ನಿಮ್ಮಜ್ಜನೇ ಬರೆದದ್ದು, ಸರ್. ನಿಮ್ಮ ಸಹಿ ನನ್ನ ಜೇಬಲ್ಲಿದೆ."

ಮುಂದೆ ಕೂತಿದ್ದ ಮುದುಕಿ, ಕರ್ನಲ್‌ನ ಮಗಳು, ಕೋಲು ಕುಟ್ಟಿದಳು. "ನಿಲ್ಲಿಸಬೇಡ, ಡಗ್ಲಸ್. ನಮ್ಮಪ್ಪ ಬರೆದಿದ್ದರೆ ಓದು."

ಡಗ್ಲಸ್ ತೊದಲುತ್ತ ಓದಿದ. ಹೆಸರು ಬಂದಾಗ ಹಾರಿಸಿಬಿಟ್ಟ.

"ಹವಾಲ್ದಾರ್ ದೊಡ್ಡಯ್ಯ. ನನ್ನ ತಾತ," ಎಂದ ಸೀನಪ್ಪ. "ಮೊದಲಿಂದ ಓದಿ."

ಡಗ್ಲಸ್ ಕೆಂಪಗಾಗಿ ಓದಿದ. ಈ ಸಲ ಹೆಸರು ಬಂತು. ನೆಂಟರೆಲ್ಲ ನೆಲ ನೋಡುತ್ತಿದ್ದರು. ಸೀನಪ್ಪನಿಗೆ ಸಾಲದೆನಿಸಿತು.

"ಇನ್ನೊಂದ್ ಸಲ," ಎಂದ.