ಭಾಗ್ಯಲಕ್ಷ್ಮಿಯ ಕಂಪ್ಯೂಟರ್ ಯಾರಿಗೆ ದುಡಿಯುತ್ತಿತ್ತು?

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ, ತರಕಾರಿ ಗಾಡಿಗಳ ಸಾಲು ಮುಗಿಯುವ ಕಡೆ ಭಾಗ್ಯಲಕ್ಷ್ಮಿಯ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನುವುದು ಬೋರ್ಡಿನ ಮಾತು. ಒಳಗೆ ಎರಡು ಕಂಪ್ಯೂಟರ್ ಇಟ್ಟುಕೊಂಡು ಆಧಾರ್ ಪ್ರಿಂಟು, ಕರೆಂಟ್ ಬಿಲ್ಲು, ನಾಮಕರಣದ ಕಾರ್ಡು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಎಲ್ಲವನ್ನೂ ಮಾಡಿಕೊಡುತ್ತಾರೆ.

ಈ ಚಳಿಗಾಲದಲ್ಲಿ ಆ ಎರಡೂ ಕಂಪ್ಯೂಟರಿಗೆ ಏನೋ ಆಯಿತು. ಒಂದು ಕ್ಲಿಕ್ ಮಾಡಿದರೆ ಗಿರಾಕಿ ಹೋಗಿ ಕಾಫಿ ಕುಡಿದು ಬರಬಹುದು. ಪಕ್ಕದ ಕಾಫಿ ಅಂಗಡಿಗೆ ಒಳ್ಳೆಯ ವ್ಯಾಪಾರವಾಯಿತು, ಭಾಗ್ಯಲಕ್ಷ್ಮಿಗೆ ಬೈಗುಳ ಬಂತು. ಮೇಜಿನ ಕೆಳಗಿನ ಡಬ್ಬ ಬೆಳಗಿಂದ ಸಂಜೆತನಕ ಏದುಸಿರು ಬಿಡುತ್ತಿತ್ತು. ಮುಟ್ಟಿದರೆ ದೋಸೆ ಹೆಂಚು. ಬೀದಿಯ ಬೆಕ್ಕೊಂದು ದಿನಾ ಬಂದು ಅದರ ಬೆನ್ನಿಗೆ ಒರಗಿ ಮಲಗತೊಡಗಿತು.

ಭಾಗ್ಯಲಕ್ಷ್ಮಿಯ ಮಾವ ಪಿಳ್ಳಪ್ಪನವರು ವಿಮಾನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುವುದು ಅವರ ಈಗಿನ ಡ್ಯೂಟಿ.

"ಮಾವ, ಈ ಫ್ಯಾನ್ ಶಬ್ದ ಕೇಳಿದ್ರಾ? ಏನೋ ಸರಿಯಿಲ್ಲ," ಅಂದಳು ಭಾಗ್ಯಲಕ್ಷ್ಮಿ.

"ಮಿಷಿನ್ ಅಂದ್ಮೇಲೆ ಶಬ್ದ ಮಾಡತ್ತೆ ಕಣಮ್ಮ. ಶಬ್ದ ಮಾಡ್ದೇ ಇರೋ ಮಿಷಿನ್ನ ನಾನು ಸರ್ವೀಸಲ್ಲೇ ನಂಬ್ಲಿಲ್ಲ."

ಕಂಪ್ಯೂಟರ್ ರಿಪೇರಿಗೆ ಬರುವವನು ಕಿರಣಕುಮಾರ. ಭಾಗ್ಯಲಕ್ಷ್ಮಿಯ ಚಿಕ್ಕಮ್ಮನ ಮಗ. ಹಲಸೂರಿನಿಂದ ಹೊರಮಾವಿನವರೆಗೆ ಅದೆಷ್ಟೋ ಅಂಗಡಿ, ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು ಅವನೇ. ಬಂದ, ಡಬ್ಬದ ಧೂಳು ಊದಿದ, ತಲೆ ಕೆರೆದುಕೊಂಡ.

"ಹಳೇದಾಗಿದೆ ಅಕ್ಕ. ವಯಸ್ಸಾದ್ಮೇಲೆ ಮನುಷ್ಯರೂ ಏದುಸಿರು ಬಿಡ್ತಾರಲ್ವಾ?"

"ನನ್ನ ಕಡೆ ನೋಡ್ಕೊಂಡು ಯಾಕೋ ಹೇಳ್ತೀಯ?" ಅಂದರು ಪಿಳ್ಳಪ್ಪ.

ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಇದ್ದವಳು ರೇವತಿ. ಯಾದಗಿರಿ ಕಡೆಯ ಹುಡುಗಿ. ತಾಯಿ ಜಟ್ಟೆಮ್ಮನ ಜೊತೆ ಕೆ.ಆರ್. ಪುರದ ಬಾಡಿಗೆ ರೂಮಿನಲ್ಲಿ ಇದ್ದಾಳೆ. ಒಂದು ಶುಕ್ರವಾರ ಸಂಜೆ ನೂರುನ್ನೀಸಾ ಅನ್ನುವವರು ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಬಂದರು. ಅವತ್ತೇ ಕೊನೆಯ ದಿನ. ರೇವತಿ ಎಲ್ಲ ತುಂಬಿ ಇನ್ನೇನು ಕಳಿಸಬೇಕು, ಪರದೆ ನಿಂತುಬಿಟ್ಟಿತು. ಗುಂಡಗೆ ಚಕ್ರ ಸುತ್ತಿತು, ಸುತ್ತಿತು, ಅರ್ಜಿ ಪೂರ್ತಿ ಅಳಿಸಿಹೋಯಿತು. ಎರಡನೇ ಕಂಪ್ಯೂಟರಿನಲ್ಲೂ ಅದೇ ಚಕ್ರ. ನೂರುನ್ನೀಸಾ ಕಣ್ಣಲ್ಲಿ ನೀರು ತುಂಬಿಕೊಂಡು ಆಟೊ ಹತ್ತಿ ಹಲಸೂರಿಗೆ ಓಡಿದರು. ಅಲ್ಲಿ ಯಾವುದೋ ಅಂಗಡಿಯಲ್ಲಿ ಹೇಗೋ ಕೊನೆ ಗಳಿಗೆಗೆ ಕೆಲಸವಾಯಿತಂತೆ. ಆಮೇಲೆ ಫೋನ್ ಮಾಡಿ, "ಅರ್ಜಿ ಹೋಯ್ತು. ಆದ್ರೆ ಇನ್ಮೇಲೆ ನಿಮ್ಮ ಅಂಗಡಿ ಮೆಟ್ಲು ಹತ್ತಲ್ಲ," ಅಂದು ಇಟ್ಟರು.

ಭಾಗ್ಯಲಕ್ಷ್ಮಿಯ ಸಿಟ್ಟು ಎದುರಿಗಿದ್ದವಳ ಮೇಲೆ ತಿರುಗಿತು.

"ನಾನಿಲ್ದೇ ಇರೋವಾಗ ಸಿನಿಮಾ ಗಿನಿಮಾ ಇಳಿಸ್ಕೊಂಡು ನೋಡ್ತೀಯ ತಾನೇ? ಅದಕ್ಕೇ ಹಿಂಗಾಗಿದೆ!"

"ಇಲ್ರಿ ಅಕ್ಕಾರ, ನಾ ಏನೂ ಮಾಡಿಲ್ರಿ."

"ಇನ್ಯಾರು ಮಾಡ್ತಾರೆ? ನಾಳೆಯಿಂದ ಬರ್ಬೇಡ."

ರೇವತಿ ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು, ತಲೆ ತಗ್ಗಿಸಿ ಹೋದಳು.

ಮರುದಿನ ಬೆಳಿಗ್ಗೆ ಭಾಗ್ಯಲಕ್ಷ್ಮಿ ಬಾಗಿಲು ತೆಗೆದು ಕಂಪ್ಯೂಟರ್ ಆನ್ ಮಾಡಿ, ಪೂಜೆಗೆ ಹೂ ತರಲು ಹೋದಳು. ವಾಪಸ್ ಬಂದಾಗ ಪಿಳ್ಳಪ್ಪನವರು ಪೇಪರ್ ಮಡಿಸಿ ಡಬ್ಬವನ್ನೇ ನೋಡುತ್ತಿದ್ದರು.

"ಏನಮ್ಮ ಇದು? ಆ ಹುಡುಗಿ ಇಲ್ಲ. ನೀನಿಲ್ಲ. ನಾನಂತೂ ಮುಟ್ಟಿಲ್ಲ. ಇದು ಯಾರಿಗೆ ಅಂತ ಇಷ್ಟು ಕೂಗ್ತಿದೆ?"

ಭಾಗ್ಯಲಕ್ಷ್ಮಿ ಬಗ್ಗಿ ಮುಟ್ಟಿ ನೋಡಿದಳು. ರೇವತಿ ಇಲ್ಲದಿದ್ದರೂ ಡಬ್ಬ ಕಾದಿತ್ತು.

ಆ ಹೊತ್ತಿಗೆ ಪ್ರಶ್ನೆಪತ್ರಿಕೆ ಪ್ರಿಂಟ್ ಹಾಕಿಸಲು ಗೆಳತಿ ನೌರೀನ್ ಬಂದಳು. ಶಿವಾಜಿನಗರದ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ವಿಷಯ ಕೇಳಿ ಕುರ್ಚಿ ಎಳೆದುಕೊಂಡು ಕೂತಳು.

"ಅರೆ ಭಾಗ್ಯ, ಡಾಕ್ಟರ್ ನಾಡಿ ನೋಡಲ್ವಾ? ಮೊದ್ಲು ಇದರ ನಾಡಿ ನೋಡೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಮೂರೂ ಒಟ್ಟಿಗೆ ಒತ್ತು."

ಟಾಸ್ಕ್ ಮ್ಯಾನೇಜರ್ ತೆರೆದುಕೊಂಡಿತು. ಕಂಪ್ಯೂಟರ್ ಒಳಗೆ ಈಗ ಯಾವ ಯಾವ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಕಿಟಕಿ ಅದು.

"ಮೇಲೆ ಸಿಪಿಯು ಅಂತ ಇದೆಯಲ್ಲ, ಅದ್ರ ಮೇಲೆ ಕ್ಲಿಕ್ ಮಾಡು. ಜಾಸ್ತಿ ತಿನ್ನೋರು ಮೇಲಕ್ಕೆ ಬರ್ತಾರೆ."

ಮೇಲಕ್ಕೆ ಬಂದದ್ದು ಯಾರೂ ಕೇಳಿರದ ಹೆಸರಿನ ಒಂದು ಪ್ರೋಗ್ರಾಂ. ಕಂಪ್ಯೂಟರಿನ ಶಕ್ತಿಯನ್ನೆಲ್ಲ ಅದೊಂದೇ ಹೀರುತ್ತಿತ್ತು. ಪಾಪ, ಅರ್ಜಿ ಪ್ರಿಂಟು ಇತ್ಯಾದಿಗೆ ಉಳಿದದ್ದು ತಟ್ಟೆ ತಳದ ಸಾರು.

"ಇದೇನು ವೈರಸ್ಸಾ?" ಭಾಗ್ಯಲಕ್ಷ್ಮಿ ಗಾಬರಿಯಾದಳು.

"ತಡಿ. ಹೆಸರು ಗೊತ್ತಿಲ್ಲ ಅಂತ ಎಲ್ಲಾನೂ ಅಳಿಸ್ಬಾರ್ದು. ವಿಂಡೋಸಿಂದೇ ಬೇಕಾಗಿರೋವು ಎಷ್ಟೋ ಇರತ್ತೆ. ಮೊದ್ಲು ಏನು ಅಂತ ತಿಳ್ಕೋಬೇಕು." ನೌರೀನ್ ಆ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದಳು. ಹುಬ್ಬೇರಿಸಿದಳು. "ಇದನ್ನ ಯಾರೋ ಬೇಕೂಂತ ಹಾಕಿದಾರೆ. ಕಾಣದ ಹಾಗೆ ಬಚ್ಚಿಟ್ಟಿದಾರೆ."

ಅಷ್ಟರಲ್ಲಿ ಕಿರಣಕುಮಾರ ಹೆಲ್ಮೆಟ್ ಹಿಡಿದುಕೊಂಡು ಒಳಗೆ ಬಂದ. "ಅಕ್ಕ, ಹೊಸ ಕಂಪ್ಯೂಟರ್ ರೇಟ್ ವಿಚಾರಿಸ್ಕೊಂಡು ಬಂದೆ."

"ಅದು ಆಮೇಲೆ," ಅಂದಳು ನೌರೀನ್. "ಈ ಪ್ರೋಗ್ರಾಂ ತೆಗೀತಿದೀನಿ, ನೋಡು."

ಕಿರಣನ ಮುಖ ಸಣ್ಣಗಾಯಿತು. "ಬೇಡ ಮೇಡಂ. ಅದು... ಅದು ವಿಂಡೋಸಿಂದು."

"ವಿಂಡೋಸಿಂದಲ್ಲ." ನೌರೀನ್ ಸೆಟ್ಟಿಂಗ್ಸ್ ತೆರೆದು, ಅದನ್ನು ಕಿತ್ತುಹಾಕುವ ಬಟನ್ನಿನ ಮೇಲೆ ಬಾಣ ತಂದು ನಿಲ್ಲಿಸಿದಳು.

"ಅಯ್ಯೋ ಬೇಡಿ! ನಾಳೆ ಹೊತ್ತಿಗೆ ಬ್ರೆಜಿಲ್‌ನೋನನ್ನ ಹಿಂದೆ ಹಾಕ್ತಿದ್ದೆ!"

ಪಿಳ್ಳಪ್ಪನವರು ಕುರ್ಚಿಯಿಂದ ಎದ್ದರು.

"ಯಾವ ಬ್ರೆಜಿಲ್ಲೋ? ಯಾವನೋ ಅವ್ನು?"

ಕಿರಣ ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು ಎಲ್ಲ ಹೇಳಿದ.

"ವಿಜ್ಞಾನಿಗಳು ಹೊಸ ಔಷಧಿ ಹುಡುಕ್ಬೇಕು ಅಂದ್ರೆ ಭಾರೀ ಲೆಕ್ಕ ಮಾಡ್ಬೇಕಂತೆ ಮಾವ. ಒಂದು ಕಂಪ್ಯೂಟರಲ್ಲಿ ಆಗಲ್ಲ. ಅದಕ್ಕೆ ಲೆಕ್ಕನ ಚೂರು ಚೂರು ಮಾಡಿ ಪ್ರಪಂಚದೋರಿಗೆಲ್ಲ ಹಂಚ್ತಾರೆ. ನಮ್ಮ ಕಂಪ್ಯೂಟರ್ ಸುಮ್ನಿದ್ದಾಗ ಒಂದು ಚೂರು ಮಾಡಿ ಕಳ್ಸತ್ತೆ. ಅದಕ್ಕೆ ಪಾಯಿಂಟ್ಸ್ ಕೊಡ್ತಾರೆ. ಯಾರು ಎಷ್ಟು ಮಾಡಿದ್ರು ಅನ್ನೋ ಪಟ್ಟಿ ಇಡೀ ಪ್ರಪಂಚಕ್ಕೆ ಕಾಣತ್ತೆ. ಅದ್ರಲ್ಲಿ ನನಗಿಂತ ಒಂದು ಮೆಟ್ಲು ಮೇಲಿರೋನು ಬ್ರೆಜಿಲ್‌ನೋನು, ಅವ್ನನ್ನ ದಾಟೋಕೇ ನಾನು ನೋಡ್ಕೊಳ್ಳೋ ಬೇರೆ ಕಂಪ್ಯೂಟರಿಗೂ ಹಾಕಿದೀನಿ."

"ಮದುವೆ ಮನೇಲಿ ಬೀದಿ ಹೆಂಗಸರೆಲ್ಲ ಸೇರಿ ತರಕಾರಿ ಹೆಚ್ಚಲ್ವಾ, ಹಾಗೆ," ಎಂದು ನೌರೀನ್ ಬಿಡಿಸಿ ಹೇಳಿದಳು.

"ಹೆಚ್ಚೋಕೆ ನಾವು ಹೋಗೋದು ಕರೆದ್ರೆ," ಅಂದಳು ಭಾಗ್ಯಲಕ್ಷ್ಮಿ. "ಇವ್ನು ಕರೀಲೇ ಇಲ್ಲ. ನಮ್ಮನೆ ಈಳಿಗೆಮಣೇನೇ ಎತ್ಕೊಂಡ್ಹೋಗಿದಾನೆ!"

"ಸುಮ್ನಿದ್ದಾಗ ಮಾತ್ರ ಕೆಲಸ ಮಾಡು ಅಂತ ಈ ಪ್ರೋಗ್ರಾಂಗೆ ಹೇಳ್ಬಹುದಲ್ವಾ ಕಿರಣ?" ನೌರೀನ್ ಕೇಳಿದಳು. "ಯಾಕೆ ಹೇಳ್ಲಿಲ್ಲ?"

"ಹಾಗೆ ಹೇಳಿದ್ರೆ ಪಾಯಿಂಟ್ಸ್ ಕಮ್ಮಿ ಬರತ್ತೆ ಮೇಡಂ."

"ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!" ಅಂದಳು ಭಾಗ್ಯಲಕ್ಷ್ಮಿ.

ಪಿಳ್ಳಪ್ಪನವರಿಗೆ ಮಾತ್ರ ಇನ್ನೂ ಅನುಮಾನ. "ಔಷಧಿಗೆ ತಾನೇ? ಪುಣ್ಯದ ಕೆಲಸ. ಇರ್ಲಿ ಬಿಡ್ರಮ್ಮ."

"ಅಂಕಲ್, ಕೆಲಸ ಒಳ್ಳೇದೇ," ಅಂದಳು ನೌರೀನ್. "ಆದ್ರೆ ನಿಮ್ಮ ಕಾರ್ಖಾನೇಲಿ ನೀವು ವಿಮಾನದ ಪಾರ್ಟ್ ಮಾಡೋವಾಗ, ಯಾವನೋ ಬಂದು ನಿಮ್ಮನ್ನ ಕೇಳ್ದೆ ನಿಮ್ಮ ಮಿಷಿನಲ್ಲಿ ತನ್ನ ಕೆಲಸ ಮಾಡ್ಕೊಂಡಿದ್ರೆ?"

"ಕೈ ಮುರೀತಿದ್ದೆ!"

"ಪುಣ್ಯದ ಕೆಲಸ ಅಂದಿದ್ರೆ?"

ಪಿಳ್ಳಪ್ಪ ಒಂದು ಕ್ಷಣ ಯೋಚಿಸಿದರು. "ಮೊದ್ಲು ಕೈ ಮುರಿದು, ಆಮೇಲೆ ಕೇಳ್ತಿದ್ದೆ."

"ಅಷ್ಟೇ ಅಂಕಲ್. ಕಿರಣ ನಮ್ಮೋನು, ಹಾಕಿದ್ದು ಒಳ್ಳೇ ಪ್ರೋಗ್ರಾಂ. ಕಳ್ಳರೂ ಇದೇ ಥರ ಬಚ್ಚಿಟ್ಟು ಹಾಕ್ತಾರೆ. ನಿಮ್ಮ ಕರೆಂಟಲ್ಲಿ, ನಿಮ್ಮ ಕಂಪ್ಯೂಟರಲ್ಲಿ ಅವ್ರು ದುಡ್ಡು ಮಾಡ್ಕೋತಾರೆ. ಜನರ ಆಧಾರು, ಬ್ಯಾಂಕು ಎಲ್ಲ ಇಲ್ಲೇ ಇದೆ. ಒಳಗೆ ಯಾರಿದಾರೆ ಅಂತ ನಮಗೆ ಗೊತ್ತಿರ್ಬೇಡ್ವಾ?"

ಪಿಳ್ಳಪ್ಪನವರು ಕಿರಣನ ಕಡೆ ತಿರುಗಿದರು. "ತೆಗಿಯೋ ಅದನ್ನ. ನಿನ್ನ ಕೈಯಲ್ಲೇ ತೆಗಿ."

ಕಿರಣ ಎರಡೂ ಕಂಪ್ಯೂಟರಿನಿಂದ ತೆಗೆದ. ಸ್ವಲ್ಪ ಹೊತ್ತಿಗೆ ಫ್ಯಾನಿನ ಕೂಗು ನಿಂತಿತು. ಇಷ್ಟು ದಿನ ಗಟ್ಟಿಯಾಗಿ ಮಾತಾಡಿ ರೂಢಿಯಾಗಿದ್ದ ಪಿಳ್ಳಪ್ಪನವರು, "ಈಗ ಸರಿಯಾಯ್ತಾ?" ಎಂದು ಕೂಗಿದ್ದು ಎದುರು ರಸ್ತೆಯವರಿಗೂ ಕೇಳಿಸಿತು.

ಭಾಗ್ಯಲಕ್ಷ್ಮಿ ನಗಲಿಲ್ಲ. "ಆ ಹುಡುಗೀನ ಸುಮ್ಸುಮ್ನೆ ಕಳಿಸ್ಬಿಟ್ಟೆ," ಅಂದಳು.

"ಯಾವ ಹುಡುಗಿ? ರೇವತೀನಾ?" ಕಿರಣ ತಬ್ಬಿಬ್ಬಾದ. "ನನ್ನಿಂದಾನಾ ಅಕ್ಕ? ನಂಗೊತ್ತಿರ್ಲಿಲ್ಲ." ಹೆಲ್ಮೆಟ್ ಎತ್ತಿಕೊಂಡ. "ನಡಿ, ನಾನೂ ಬರ್ತೀನಿ. ನಾನೇ ಹೇಳ್ತೀನಿ."

ಇಬ್ಬರೂ ಅವನ ಸ್ಕೂಟರಿನಲ್ಲಿ ಕೆ.ಆರ್. ಪುರಕ್ಕೆ ಹೋದರು. ಬಾಗಿಲು ತೆಗೆದವರು ಜಟ್ಟೆಮ್ಮ. "ಬರ್ರಿ, ಒಳಗ ಬರ್ರಿ. ಮೊದಲ ಉಣ್ರಿ, ಆಮ್ಯಾಲ ಮಾತು," ಎಂದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಮುಂದಿಟ್ಟರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಭಾಗ್ಯಲಕ್ಷ್ಮಿ ಕೈ ಮುಗಿದಳು. "ತಪ್ಪಾಯ್ತು ಕಣೇ ರೇವತಿ. ನೋಡ್ದೆ, ಕೇಳ್ದೆ ನಿನ್ನ ಮೇಲೆ ಹಾಕ್ಬಿಟ್ಟೆ." ಕಿರಣ ತಾನು ಮಾಡಿದ್ದನ್ನೆಲ್ಲ ಒಪ್ಪಿಸಿದ.

"ನನ್ನ ಮಗಳು ಸಿನಿಮಾ ನೋಡಿದ್ರ ಮನ್ಯಾಗ ಹೀರೋನ ಹೆಸರು ಸಾವಿರ ಸಲ ಹೇಳ್ತಾಳ್ರಿ," ಅಂದರು ಜಟ್ಟೆಮ್ಮ. "ಈಗಿತ್ಲಾಗ ಒಂದ ಸಲಾನೂ ಹೇಳಿಲ್ಲ. ನನಗ ಅವಾಗೇ ಗೊತ್ತಿತ್ತು, ಇಕಿ ಮಾಡಿಲ್ಲಂತ."

ರೇವತಿ ಇನ್ನೆರಡು ರೊಟ್ಟಿ ಅವರ ತಟ್ಟೆಗೆ ಹಾಕಿದಳು. ಆಮೇಲೆ ಅಂದಳು: "ಬರ್ತೀನ್ರಿ ಅಕ್ಕಾರ. ಆದ್ರ ನನಗ ಬ್ಯಾರೇನ ಪಾಸ್‌ವರ್ಡ್ ಬೇಕು. ಯಾರು ಏನು ಮಾಡಿದ್ರು ಅಂತ ಗೊತ್ತಾಗ್ಬೇಕು."

ಹಾಗೆಯೇ ಮಾಡಿದರು. ನೌರೀನ್ ಬಂದು ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಟ್ಟಳು. ಹೊಸ ಪ್ರೋಗ್ರಾಂ ಹಾಕಬೇಕಾದರೆ ಭಾಗ್ಯಲಕ್ಷ್ಮಿಯ ಪಾಸ್‌ವರ್ಡೇ ಬೇಕು. ಅದನ್ನು ರಿಪೇರಿಯವನಿಗೂ ಕೊಡುವ ಹಾಗಿಲ್ಲ. ಪಿಳ್ಳಪ್ಪನವರು ತಮಗೂ ಒಂದು ಬೇಕೆಂದು ಹಟ ಹಿಡಿದರು. ಯಾರಿಗೂ ತಿಳಿಯಬಾರದು ಎಂದು ಎಲ್ಲರನ್ನೂ ಹೊರಗೆ ಕಳಿಸಿ ಪಾಸ್‌ವರ್ಡ್ ಹಾಕಿದರು. ಸಂಜೆಯೊಳಗೆ ಅವರಿಗೇ ಮರೆತುಹೋಯಿತು.

ನೂರುನ್ನೀಸಾ ಮನೆಗೆ ಭಾಗ್ಯಲಕ್ಷ್ಮಿಯೇ ಹೋಗಿ ಆದದ್ದನ್ನು ಹೇಳಿ ಬಂದಳು. ಅವರು ಪೂರ್ತಿ ನಂಬಲಿಲ್ಲ. ಆದರೂ ಮುಂದಿನ ವಾರ ಒಂದೇ ಒಂದು ಝೆರಾಕ್ಸ್ ತೆಗೆಸಲು ಬಂದರು, ಪರೀಕ್ಷೆ ಮಾಡುವವರ ಹಾಗೆ.

ಕಿರಣ ತಾನು ಬಚ್ಚಿಟ್ಟಿದ್ದ ಕಡೆಗೆಲ್ಲ ಹೋಗಿ ಹೇಳಿ ತೆಗೆದ. ಹಲಸೂರಿನ ಸ್ಟೇಷನರಿ ಅಂಗಡಿಯವರು ಮೊದಲು ಕಾಫಿ ಕೊಟ್ಟು ಆಮೇಲೆ ಬೈದರು. ಹೊರಮಾವಿನ ಅಪಾರ್ಟ್‌ಮೆಂಟ್ ಆಫೀಸಿನವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ, "ಒಳ್ಳೇ ಕೆಲಸಾನೇ. ಮೊದ್ಲೇ ಕೇಳಿದ್ರೆ ಹೂಂ ಅಂತಿದ್ವಲ್ಲಪ್ಪ," ಎಂದು ತಾವಾಗಿಯೇ ಹಾಕಿಸಿಕೊಂಡರು. ಭಾಗ್ಯಲಕ್ಷ್ಮಿಯೂ ಒಂದು ಕಂಪ್ಯೂಟರಿಗೆ ಒಪ್ಪಿದಳು: ಯಾರೂ ಮುಟ್ಟದಿದ್ದಾಗ ಮಾತ್ರ ನಡೆಯಬೇಕು, ಅದರ ಗುರುತು ಪರದೆಯ ಮೂಲೆಯ ಗಡಿಯಾರದ ಪಕ್ಕದಲ್ಲಿ ಎಲ್ಲರಿಗೂ ಕಾಣಬೇಕು. ಪಟ್ಟಿಯಲ್ಲಿ ಕಿರಣ ಎಲ್ಲೋ ಕೆಳಗೆ ಬಿದ್ದ. ಬ್ರೆಜಿಲ್‌ನವನು ಮುಂದೆ ಹೋದ.

"ಹೋಗ್ಲಿ ಬಿಡೋ," ಎಂದು ಪಿಳ್ಳಪ್ಪನವರು ಬೆನ್ನು ತಟ್ಟಿದರು. "ಅವನಾದ್ರೂ ಮನೆಯೋರ್ನ ಕೇಳಿ ಹಾಕಿರ್ತಾನೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ, ಅಂಗಡಿಯ, ಸಂಘದ ಕಂಪ್ಯೂಟರ್ ಸುಮ್ಮಸುಮ್ಮನೆ ಬಿಸಿಯಾಗುತ್ತಿದೆಯೇ? ಯಾರೂ ಮುಟ್ಟದಿದ್ದರೂ ಫ್ಯಾನು ಕೂಗುತ್ತಿದೆಯೇ? ಹೊಸದು ಕೊಳ್ಳುವ ಮೊದಲು, ಇನ್ನೊಬ್ಬರನ್ನು ಬೈಯುವ ಮೊದಲು, ಇವತ್ತೇ ಆ ಮೂರು ಕೀ ಒತ್ತಿ ಒಳಗೆ ನೋಡಿ. ಗೊತ್ತಿಲ್ಲದ ಹೆಸರು ಕಂಡರೆ ಗಾಬರಿಯಾಗಿ ಅಳಿಸಬೇಡಿ, ತಿಳಿದವರನ್ನು ಕೇಳಿ. ವಿಂಡೋಸ್‌ನಲ್ಲೇ ಇರುವ ವೈರಸ್ ತಪಾಸಣೆಯನ್ನು ಒಮ್ಮೆ ಓಡಿಸಿ. ರಿಪೇರಿಗೆ ಬಂದವರು ಏನು ಹಾಕಿದರು, ಏನು ತೆಗೆದರು ಎಂದು ಅವರ ಎದುರಿಗೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ವಿಜ್ಞಾನಕ್ಕೆ ನಿಮ್ಮ ಕಂಪ್ಯೂಟರಿನ ಬಿಡುವನ್ನು ಕೊಡುವ ಮನಸ್ಸಿದ್ದರೆ ಸಂತೋಷವಾಗಿ ಕೊಡಿ. ಆದರೆ ಕೊಡುವವರು ನೀವೇ ಆಗಿರಿ.