ಗೋಪುರದ ಕೆಳಗಿನ ಜೋಳ

ಸಹಾಯಧನದ ತಪಾಸಣೆಗೆ ಅಧಿಕಾರಿ ಬರುವುದು ಹನ್ನೊಂದಕ್ಕೆ. ಯಜಮಾನ ಎಂಟರಿಂದಲೇ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ ಅಂಗಳಕ್ಕೂ ಗೇಟಿಗೂ ಓಡಾಡುತ್ತಿದ್ದ.

“ಒಂದು ಕಡೆ ಕೂತ್ಕೊಳ್ರೀ. ನಿಮ್ಮನ್ನ ನೋಡಿ ನನಗೆ ತಲೆ ತಿರುಗ್ತಿದೆ,” ಎಂದಳು ಹೆಂಡತಿ, ಅತಿಥಿಗಳ ಹಾಸಿಗೆ ಕೊಡವುತ್ತಾ.

ಕಾಡಿನಂಚಿನ ತನ್ನ ಎಂಟು ಎಕರೆಗೆ ಅವನು ಬೇಲಿ ಹಾಕಿರಲಿಲ್ಲ. ಪ್ರಾಣಿಗಳಿಗೆ ಜಾಗ ಬಿಟ್ಟು, ಅವನ್ನು ನೋಡಲು ಬರುವವರಿಗೆ ಅನುಕೂಲ ಮಾಡಿಕೊಡುವ ಜಮೀನುದಾರರಿಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಅದರಿಂದಲೇ ಮರದ ವೀಕ್ಷಣಾ ಗೋಪುರ ಎದ್ದಿತ್ತು, ಎರಡು ಅತಿಥಿ ಕೋಣೆಗಳಾಗಿದ್ದವು. ಮುಖ್ಯ ಷರತ್ತು ಒಂದೇ: ಪ್ರಾಣಿಗಳಿಗೆ ತಿನ್ನಲು ಏನೂ ಹಾಕುವಂತಿಲ್ಲ.

ಮೊದಲ ವರ್ಷ ಹಾಕಲಿಲ್ಲ. ಆದರೆ ದೂರದಿಂದ ಬಂದವರು ಸಂಜೆಯಿಡೀ ಕಾದು, ಒಂದು ಮೊಲವನ್ನೂ ಕಾಣದೆ ಮುಖ ಗಂಟಿಕ್ಕಿಕೊಂಡು ಹೋಗತೊಡಗಿದಾಗ ಅವನು ಗೋಪುರದ ಕೆಳಗೆ ಒಂದು ಬುಟ್ಟಿ ಜೋಳ ಸುರಿದ. ಕಾಡುಹಂದಿಗಳು ಬಂದವು. ಆಮೇಲೆ ಬುಟ್ಟಿ ಮೂಟೆಯಾಯಿತು.

ಮೊನ್ನೆ ಸಂಜೆ ಜೋಳ ಮುಗಿಸಿದ ಹಿಂಡು ಪಕ್ಕದ ದರ್ಜಿಯ ಗೆಣಸಿನ ಹೊಲಕ್ಕೆ ನುಗ್ಗಿತು. ಓಡಿಸಲು ಹೋದ ದರ್ಜಿಯ ತೊಡೆಯನ್ನು ಒಂದು ಗಂಡುಹಂದಿ ಸೀಳಿಹಾಕಿತು. ಅವನು ಕೂಗಿಕೊಂಡಾಗ ಗೋಪುರದ ಮೇಲಿದ್ದವರು ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ಯಜಮಾನನಿಗೆ ಅಂದಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಒಂಬತ್ತರ ಹೊತ್ತಿಗೆ ದರ್ಜಿಯ ಹೆಂಡತಿ ಆಸ್ಪತ್ರೆಯಿಂದ ನೇರವಾಗಿ ಬಂದು ಗೇಟಿನ ಬಳಿ ನಿಂತಳು.

“ಭಾವ ಹೇಗಿದಾರಕ್ಕಾ?” ಎಂದ ಯಜಮಾನ.

“ಊರಿಗೆಲ್ಲ ಹೊಲಿದವರಿಗೆ ಈಗ ಮೈಗೇ ಹೊಲಿಗೆ. ಆರು ತಿಂಗಳು ಮಿಷನ್ ತುಳಿಯೋ ಹಾಗಿಲ್ಲವಂತೆ.”

“ಕಾಡುಪ್ರಾಣಿ... ನಾನೇನು ಮಾಡಲಿ? ನೀವೂ ಸಹಾಯಧನಕ್ಕೆ ಅರ್ಜಿ ಹಾಕಿದ್ರೆ...”

“ಅರ್ಧ ಎಕರೆಯವರ ಅರ್ಜಿ ತಗೊಳ್ಳಲ್ಲ ಅಂತ ನಿನಗೇ ಗೊತ್ತು. ಪ್ರಾಣಿ ಬೇಡ ಅಂತ ನಾನು ಹೇಳಲ್ಲಪ್ಪ. ಮೊದಲು ಒಂದು ತಗಡು ಬಡಿದ್ರೆ ಓಡ್ತಿದ್ವು. ಈಗ ಮನುಷ್ಯರನ್ನ ಕಂಡ್ರೆ ಊಟ ಬಂತು ಅನ್ಕೊಳ್ತವೆ. ಕಲಿಸಿದ್ದು ಯಾರು?”

ಅವಳು ಹೊರಟುಹೋದಳು.

“ಅಧಿಕಾರಿ ಮುಂದೆ ಜೋಳದ ಮಾತು ಎತ್ತಬೇಡಿ,” ಎಂದಳು ಯಜಮಾನನ ಹೆಂಡತಿ. “ಸಹಾಯಧನ ನಿಂತರೆ ನೀವು ಮತ್ತೆ ಡ್ರೈವರ್ ಕೆಲಸಕ್ಕೆ ಲಾರಿ ಹತ್ತಬೇಕು. ತಿಂಗಳುಗಟ್ಟಲೆ ನಾನೊಬ್ಬಳೇ ಬಾಗಿಲು ಕಾಯಬೇಕು.” ಅವಳ ಭಯ ಸುಳ್ಳಾಗಿರಲಿಲ್ಲ.

ಅಧಿಕಾರಿ ಬಂದರು. ಜಮೀನು ಸುತ್ತಿ ಬಂದು, ಜಗಲಿಯಲ್ಲಿ ಕೂತು ಫಾರಂ ತುಂಬತೊಡಗಿದರು.

“ಹಂದಿ ಹಾಯ್ದಿದ್ದು ಆಕಸ್ಮಿಕ ಅಂತ ಬರ್ಕೊಳ್ಳಲಾ?”

ಹೆಂಡತಿ ಬಾಗಿಲ ಮರೆಯಿಂದ ಕಣ್ಣಲ್ಲೇ ಬೇಡಿಕೊಂಡಳು.

“ಇಲ್ಲ ಮೇಡಂ,” ಎಂದ ಯಜಮಾನ. “ನಾನೇ ಜೋಳ ಹಾಕ್ತಿದ್ದೆ.”

ಪೆನ್ನು ನಿಂತಿತು. “ಹಾಗೆ ಬರೆದರೆ ಸಹಾಯಧನ ನಿಲ್ಲುತ್ತೆ. ಗೊತ್ತಲ್ವಾ?”

“ಗೊತ್ತು, ಬರೀರಿ. ಪಕ್ಕದ ಸಣ್ಣ ಹೊಲದವರೂ ಪ್ರಾಣಿಗಳನ್ನ ಸಹಿಸಿಕೊಂಡಿದಾರೆ, ಅವರಿಗೂ ಪಾಲು ಬರಬೇಕು. ಅದನ್ನೂ ಬರೀರಿ.”

“ಅದಕ್ಕೆ ಇದರಲ್ಲಿ ಜಾಗ ಇಲ್ಲ.”

“ಹಿಂದೆ ಖಾಲಿ ಇದೆಯಲ್ಲ ಮೇಡಂ.”

ಅಧಿಕಾರಿ ಅವನನ್ನೊಮ್ಮೆ ನೋಡಿ ಹಾಳೆ ಮಗುಚಿದರು.

ಮಧ್ಯಾಹ್ನ ಹೆಂಡತಿ ಊಟದ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಒಳಗೆ ಹೋದಳು. ಮೂರನೇ ಕೋಣೆ ಕಟ್ಟಲೆಂದು ತಂದಿಟ್ಟಿದ್ದ ಕಂಬಗಳನ್ನು ಅವನು ಒಂದೊಂದಾಗಿ ಬೇಲಿಗೆಂದು ಗೆಣಸಿನ ಹೊಲದತ್ತ ಎಳೆಯತೊಡಗಿದ. ನಾಲ್ಕನೆಯದು ಇದ್ದಕ್ಕಿದ್ದಂತೆ ಹಗುರಾಯಿತು. ತಿರುಗಿ ನೋಡಿದರೆ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿತ್ತು. ಮುಖದ ಸಿಟ್ಟು ಹಾಗೇ ಇತ್ತು.

ದರ್ಜಿಯ ಹೆಂಡತಿ ಬದುವಿನ ಮೇಲೆ ನಿಂತು ಇಬ್ಬರನ್ನೂ ನೋಡಿದಳು.

“ಅವು ನುಗ್ಗೋದು ಆ ಮೂಲೆಯಿಂದ,” ಎಂದಳು. “ಮೊದಲು ಅಲ್ಲಿ ನೆಡಿ.”